ಗುಡಿಸು ಅಳಿಸಿದರೆ ಅಕ್ಷರವೇ ಮಾಯ!

ಭಾನುವಾರ ಬಂತೆಂದರೆ ನನಗೊಂದು ಕೆಲಸ ಕಾದಿರುತ್ತೆ. ಬಸವನಗುಡಿಯಿಂದ ಚಾಮರಾಜಪೇಟೆಗೆ ಹೋಗಿ, ಅಪ್ಪ ಹೇಳುವ ಹಳೇ ಕಥೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕುಟ್ಟಿಕೊಳ್ಳುವುದು. ಅಪ್ಪನಿಗೆ ಈಗೀಗ ಮರೆವು ಜಾಸ್ತಿ. ಒಮ್ಮೆ ಹೇಳಿದ ಮಾತು ಎರಡನೇ ಸಲ ಅದೇ ತರ ಬರೋದಿಲ್ಲ. ಹಾಗಾಗಿ ನನ್ನ ಬೆರಳು ಅವರ ಮಾತಿನ ಹಿಂದೆಯೇ ಓಡಬೇಕು.

ನಾನು ಟರ್ಮಿನಲ್‌ನಲ್ಲಿ ವಿಮ್ ಬಳಸುವವನು. ಹಳೇ ಚಟ, ಬಿಡೋಕಾಗಲ್ಲ. ಮೊನ್ನೆ ಅಪ್ಪ "ಬೀಗ" ಅಂದರು. ಶಿಫ್ಟ್ ಒತ್ತೋದು ತಪ್ಪಿ "ಬಿ" ಬಿತ್ತು. ಗುಡಿಸು ತೆಗೆದು ದೀರ್ಘ ಹಾಕೋಣ ಅಂತ ಬ್ಯಾಕ್‌ಸ್ಪೇಸ್ ಒತ್ತಿದರೆ ಗುಡಿಸಿನ ಜೊತೆ ಬಕಾರವೂ ಹೋಯ್ತು! ಪ್ರತಿ ಸಲವೂ ಇದೇ ಗೋಳು. ಅಪ್ಪ ಕಾದರು, ಕಾದರು... "ನಿನ್ನ ಕಂಪ್ಯೂಟರಿಗೆ ಕನ್ನಡ ಬರಲ್ವೇನೋ?" ಅಂದರು. ಅಷ್ಟರಲ್ಲಿ ಅದು ಯಾರ ಮನೆಯ ಬೀಗ ಅನ್ನೋದೇ ಅವರಿಗೆ ಮರೆತುಹೋಗಿತ್ತು.

ಮಲ್ಲೇಶ್ವರದ ಗೆಳೆಯನಿಗೆ ಹೇಳಿದರೆ, "ಟರ್ಮಿನಲ್‌ನಲ್ಲಿ ಕನ್ನಡ ಎಲ್ಲ ಆಗಲ್ಲ ಗುರು, ಬಿಡು" ಅಂದ. ನನ್ನ ತಕರಾರು ಇರೋದು ಇಲ್ಲೇ. ಆಗಲ್ಲ ಅನ್ನೋ ಮುಂಚೆ ಒಮ್ಮೆ ಸೆಟ್ಟಿಂಗ್ ನೋಡಿದ್ದೀವಾ?

ಯುನಿಕೋಡ್‌ನಲ್ಲಿ "ಬಿ" ಅಂದರೆ ಎರಡು ಸಂಕೇತ: ಬ ಒಂದು, ಗುಡಿಸು ಇನ್ನೊಂದು. ವಿಮ್ ಇವೆರಡನ್ನೂ ಒಂದೇ ಅಂತ ಎಣಿಸಿ ಒಟ್ಟಿಗೆ ಅಳಿಸುತ್ತೆ. ಅದು ಬರೀ ಡೀಫಾಲ್ಟ್ ಅಷ್ಟೇ. "ಸೆಟ್ ಡೆಲ್‌ಕಂಬೈನ್" ಅನ್ನೋ ಒಂದು ಸಾಲನ್ನು ವಿಮ್‌ಆರ್‌ಸಿ ಕಡತಕ್ಕೆ ಹಾಕಿದರೆ ಗುಡಿಸು ಮಾತ್ರ ಹೋಗಿ ಬಕಾರ ಉಳಿಯುತ್ತೆ. ಅದರ ಸಹಾಯಪುಟದಲ್ಲಿ ಅರೇಬಿಕ್, ಹೀಬ್ರೂ ಹೆಸರು ಹಿಡಿದು ಹೇಳಿದ್ದಾರೆ. ನಾವು "ಇನ್ನೂ ಹಲವು ಭಾಷೆಗಳು" ಅನ್ನೋ ಗುಂಪಿನಲ್ಲಿ ಗೋವಿಂದ!

ಎರಡನೇ ತೊಂದರೆ ಕೆ.ಪಿ. ರಾವ್ ಅವರ ಕೀಲಿಮಣೆ ಬಳಸುವವರಿಗೆಲ್ಲ ಗೊತ್ತಿರುತ್ತೆ. ಎಸ್ಕೇಪ್ ಒತ್ತಿ ಕೆಳಗಿನ ಸಾಲಿಗೆ ಹೋಗೋಣ ಅಂತ ಜೆ ಒತ್ತಿದರೆ ವಿಮ್‌ಗೆ ತಲುಪೋದು "ಜ". ಅದು ಪಿಳಿಪಿಳಿ ನೋಡುತ್ತೆ. ಇದಕ್ಕೂ ಮದ್ದಿದೆ, "ಲ್ಯಾಂಗ್‌ಮ್ಯಾಪ್". ಹ, ಜ, ಕ, ಲ ಬಂದರೆ ಹೆಚ್, ಜೆ, ಕೆ, ಎಲ್ ಅಂತ ತಿಳಿ ಅಂತ ಹೇಳಿಕೊಟ್ಟರಾಯ್ತು. ದಕಾರಕ್ಕೆ ಡಿ ಅಂತ ಕಲಿಸಿದರೆ "ದದ" ಕುಟ್ಟಿ ಸಾಲನ್ನೇ ಅಳಿಸಬಹುದು.

ಮೂರನೇದು ಟರ್ಮಿನಲ್‌ನದ್ದೇ. ಯುಟಿಎಫ್-8ರಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟು ಬೇಕು. "ಕ್ಷ" ಅಂದರೆ 9 ಬೈಟು. "ಎಸ್‌ಟಿಟಿವೈ"ನಲ್ಲಿ "ಐಯುಟಿಎಫ್8" ಇಲ್ಲದಿದ್ದರೆ, ವಿಮ್‌ನ ಹೊರಗೆ ಸಾದಾ ಪ್ರೋಗ್ರಾಮುಗಳಿಗೆ ಕುಟ್ಟುವಾಗ ಬ್ಯಾಕ್‌ಸ್ಪೇಸ್ ಒಂದೇ ಬೈಟು ಕಿತ್ತು ಉಳಿದಿದ್ದನ್ನ ಕಸವಾಗಿ ಬಿಡುತ್ತೆ.

ಎಲ್ಲವೂ ಸೆಟ್ಟಿಂಗ್‌ನಿಂದ ಸರಿಹೋಗುತ್ತೆ ಅಂತಲ್ಲ. ಟರ್ಮಿನಲ್ ಅನ್ನೋದು ಒಂದೇ ಅಳತೆಯ ಚೌಕಗಳ ಲೋಕ. ನಮ್ಮ ಒತ್ತಕ್ಷರ ಆ ಚೌಕದಲ್ಲಿ ಕೂರಲ್ಲ, ಎಷ್ಟೋ ಟರ್ಮಿನಲ್‌ಗಳಲ್ಲಿ ಒಡೆದೇ ಕಾಣುತ್ತೆ. ಅದಕ್ಕೆ ಜಗಳ ಆಡೋಣ. ಆದರೆ ಒಂದು ಸಾಲಿನಲ್ಲಿ ಸರಿಹೋಗೋದಕ್ಕೂ "ಕನ್ನಡ ಆಗಲ್ಲ" ಅಂತ ಕೈಚೆಲ್ಲೋದು ಸೋಮಾರಿತನ. ಯುನಿಕೋಡ್‌ಗೆ ಕನ್ನಡ ಬಂದಿದ್ದು 1991ರಲ್ಲಿ, ವಿಮ್‌ಗೆ ಯುಟಿಎಫ್-8 ಬಂದಿದ್ದು 2001ರ 6.0 ಆವೃತ್ತಿಯಲ್ಲಿ. ನನಗೆ ಈ ಸಾಲು ಸಿಕ್ಕಿದ್ದು ಮೊನ್ನೆ. ತಪ್ಪು ಯಾರದ್ದು ಹೇಳಿ?

ನನ್ನ ಕೋರಿಕೆ ಇಷ್ಟೇ. ನಿಮ್ಮ ನಿಮ್ಮ ಎಡಿಟರ್‌ನಲ್ಲಿ ಕನ್ನಡಕ್ಕಾಗಿ ಏನೇನು ತಿರುಚಿಕೊಂಡಿದ್ದೀರೋ ಅದನ್ನ ಕನ್ನಡದಲ್ಲೇ ಬರೆದು ಹಾಕಿ. ಇನ್ನೊಬ್ಬರ ಸಮಯ ಉಳಿಯುತ್ತೆ.

ಈ ಭಾನುವಾರ ಗುಡಿಸು ಸರಿಯಾಗಿ ಅಳಿಸಿತು. ಆದರೆ ಆ ಬೀಗ ಯಾರ ಮನೆಯದ್ದು ಅಂತ ಅಪ್ಪನಿಗೆ ಇನ್ನೂ ನೆನಪಾಗಿಲ್ಲ.