ಗಾಜಿನ ತೊಟ್ಟಿಯ ಒಂಟಿ ಮೀನು

ವೇದಾವತಿಯ ಬಯಲಿನ ಪರಶುರಾಂಪುರ ನೀರಿನ ಬೆಲೆಯನ್ನು ಬಲ್ಲ ಸೀಮೆ. ಈ ನದಿಗೆ ಮೇಲ್ಗಡೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರವು 1933ರ ತರುವಾಯ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಇಂಥ ಬರದ ನೆಲದಲ್ಲಿ ಮಕ್ಕಳು ಗಾಜಿನ ತೊಟ್ಟಿಯ ಮುಂದೆ ಕುಳಿತು ಮೀನಿನ ಆಟ ನೋಡುವುದು ಸಂತೋಷದ ಸಂಗತಿಯೇ. ಆದರೆ ಬಣ್ಣಕ್ಕೊಂದರಂತೆ ಆರಿಸಿ ತಂದ ಒಂಟಿ ಮೀನುಗಳು ಅಲ್ಲಿದ್ದರೆ, ಆ ಸಂತೋಷ ನೋಡುವವರದು; ಮೀನಿನದಲ್ಲ.

ಮೀನನ್ನು ಅರಿಯುವ ವಿದ್ಯೆ ಕನ್ನಡ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಅದರ ಗುರಿ ಗಾಳದ ಬೇಟೆ. ಆದರೂ ಮೀನುಗಳ ಜಾತಿಭೇದ, ವಾಸ, ಆಹಾರಗಳನ್ನು ಅದು ವಿವರಿಸುತ್ತದೆ. ಹಿಡಿಯುವವನಿಗೇ ಇಷ್ಟು ತಿಳಿವಳಿಕೆ ಅಗತ್ಯವಾಗಿದ್ದರೆ, ಸಾಕುವವನಿಗೆ ಇನ್ನೆಷ್ಟು ಬೇಕು?

1801ರಲ್ಲಿ ಚಿತ್ರದುರ್ಗ ಸೀಮೆಯನ್ನು ಹಾದುಹೋದ ಪ್ರವಾಸಿ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ 1822ರಲ್ಲಿ ಗಂಗಾನದಿಯ ಮೀನುಗಳ ಕುರಿತು ಗ್ರಂಥವನ್ನು ಪ್ರಕಟಿಸಿದನು. ಇಂದು ಮನೆಮನೆಯ ತೊಟ್ಟಿಗಳಲ್ಲಿ ಕಾಣುವ ಜೀಬ್ರಾ ಮೀನು ಶಾಸ್ತ್ರಲೋಕಕ್ಕೆ ಪರಿಚಯವಾದುದು ಆ ಗ್ರಂಥದಿಂದಲೇ. ಸುಮಾರು 4 ಸೆಂಟಿಮೀಟರ್ ಉದ್ದದ, ಮೈಯುದ್ದಕ್ಕೂ ನೀಲಿ ಪಟ್ಟೆಗಳಿರುವ ಈ ಮೀನು ನಮ್ಮ ಉಪಖಂಡದ್ದೇ. ನಿಯಾನ್ ಟೆಟ್ರಾ ದೂರದ ಅಮೆಜಾನ್ ಸೀಮೆಯದು. ನೆಲೆ ಬೇರೆಯಾದರೂ ಎರಡೂ ಹಿಂಡಿನ ಜೀವಿಗಳು. ಹಿಂಡು ಅವುಗಳಿಗೆ ಅಲಂಕಾರವಲ್ಲ, ರಕ್ಷಣೆ. ಹಲವು ಕಣ್ಣುಗಳು ಅಪಾಯವನ್ನು ಬೇಗ ಕಾಣುತ್ತವೆ. ಒಟ್ಟಿಗೆ ಚಲಿಸುವ ಮೈಗಳ ನಡುವೆ ಒಂದನ್ನೇ ಗುರಿಯಿಡಲು ಬೇಟೆಯ ಮೀನು ತಡವರಿಸುತ್ತದೆ. ಒಂಟಿಯಾದ ಮೀನು ಅಂಜಿ ಮೂಲೆ ಸೇರುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ, ತಿನ್ನುವುದನ್ನು ಕಡಿಮೆ ಮಾಡುತ್ತದೆ. ಇಲ್ಲವೇ ಜೊತೆಗಿರುವ ಮೀನುಗಳ ರೆಕ್ಕೆ ಕಚ್ಚುತ್ತದೆ. ಇದನ್ನು ಮೀನಿನ ಕೆಟ್ಟ ಗುಣವೆಂದು ದೂರುವವರುಂಟು; ದೋಷವಿರುವುದು ಸಾಕುವ ಕ್ರಮದಲ್ಲಿ.

ಆದ್ದರಿಂದ ಆರು ಜಾತಿಯ ಒಂದೊಂದು ಮೀನಿಗಿಂತ ಒಂದೇ ಜಾತಿಯ ಆರು ಮೀನು ಲೇಸು; ಎಂಟು ಹತ್ತಿದ್ದರೆ ಇನ್ನೂ ಲೇಸು. ಅವುಗಳಿಗೆ ಬೇಕಾದುದು ದುಂಡನೆಯ ಬೋಗುಣಿಯಲ್ಲ, ಈಜಾಡಲು ಉದ್ದವಾದ ತೊಟ್ಟಿ. ಅಷ್ಟು ಸ್ಥಳವಿಲ್ಲದ ಮನೆಗೆ ಹಿಂಡಿನ ಮೀನನ್ನು ತರದಿರುವುದೇ ವಿವೇಕ.

ಚಳ್ಳಕೆರೆ ಕುರಿ-ಕಂಬಳಿಗೆ ಹೆಸರಾದ ನಾಡು. ಹಿಂಡಿನಿಂದ ಅಗಲಿದ ಕುರಿಯ ಕೂಗು ಏನೆಂಬುದನ್ನು ಇಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮೀನಿಗೆ ಆ ಕೂಗಿಲ್ಲ. ಕೂಗು ಕೇಳಿಸದೆಂದು ಸಂಕಟವೂ ಇಲ್ಲವೆಂದು ಬಗೆಯುವುದು, ಹಿಂಡು ಕಾಯ್ದ ನಾಡಿಗೆ ಒಪ್ಪುವ ಮಾತಲ್ಲ.