ಕಡಿದರೂ ಬದುಕುವ ಕಾಡು

ಸಸ್ಯಗಳ ಪಾಠ ಮುಗಿಯುವ ಹೊತ್ತಿಗೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. ‘ಸಾರ್, ಕಾಡನ್ನು ರಕ್ಷಿಸುವುದು ಅಂದರೆ ಮರ ಕಡಿಯದೆ ಬಿಡುವುದು ತಾನೆ?’ ಹೌದೆಂದು ತಲೆಯಾಡಿಸಿದೆ. ಗಂಟೆ ಹೊಡೆದ ಮೇಲೆ ಅನ್ನಿಸಿತು, ಅಷ್ಟು ಸಲೀಸಾಗಿ ಹೇಳಬಾರದಿತ್ತು. ಕಡಿಯುತ್ತಲೇ ಕಾಪಾಡಿಕೊಂಡು ಬಂದ ಕಾಡೊಂದು ಇಂಗ್ಲೆಂಡಿನಲ್ಲಿದೆ. ನಾನು ಕಣ್ಣಾರೆ ಕಂಡದ್ದಲ್ಲ, ಓದಿ ತಿಳಿದದ್ದು.

ಅದರ ಹೆಸರು ಬ್ರಾಡ್‌ಫೀಲ್ಡ್ ವುಡ್ಸ್. ಪೂರ್ವ ಇಂಗ್ಲೆಂಡಿನ ಸಫೊಕ್ ಸೀಮೆಯಲ್ಲಿ, ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನ ಹತ್ತಿರ ಇದೆ. ವಿಸ್ತೀರ್ಣ ಸುಮಾರು 80 ಹೆಕ್ಟೇರ್, ಅಂದರೆ 200 ಎಕರೆ. ಮಲೆನಾಡಿನವರ ಕಣ್ಣಿಗೆ ಅದು ಕಾಡೇ ಅಲ್ಲ, ದೊಡ್ಡ ತೋಪು! ಒಂದು ಕಾಲಕ್ಕೆ ಕ್ರೈಸ್ತ ಮಠದ ಆಸ್ತಿ, ಈಗ ರಾಷ್ಟ್ರೀಯ ನಿಸರ್ಗಧಾಮ. ಅಲ್ಲಿ ಸರದಿಯ ಮೇಲೆ ಮರ ಕಡಿಯುತ್ತಿದ್ದುದಕ್ಕೆ 1252ರಿಂದಲೂ ದಾಖಲೆ ಇದೆ.

ಕಡಿಯುವ ಕ್ರಮ ಹೀಗೆ. ಚಳಿಗಾಲದಲ್ಲಿ ಒಂದು ತುಂಡು ಜಾಗದ ಆಶ್, ಹೇಝಲ್ ಮರಗಳನ್ನು ಬುಡದ ಮಟ್ಟಕ್ಕೆ ಕಡಿಯುತ್ತಾರೆ. ಮನೆಯ ತೊಲೆ ಜಂತಿಗೆಂದು ಅಲ್ಲಲ್ಲಿ ಓಕ್ ಮರಗಳನ್ನು ಮಾತ್ರ ಎತ್ತರಕ್ಕೆ ಬಿಡುತ್ತಾರೆ. ವಸಂತ ಬಂದರೆ ಬೊಡ್ಡೆಯ ತೊಗಟೆಯಡಿ ಮಲಗಿದ್ದ ಮೊಗ್ಗುಗಳು ಎಚ್ಚರಗೊಳ್ಳುತ್ತವೆ. ಕೆಳಗೆ ದೊಡ್ಡ ಮರದ ಬೇರು, ಮೇಲೆ ಉಣ್ಣುವುದಕ್ಕೆ ಇಷ್ಟೇ ಇಷ್ಟು ಚಿಗುರು. ಹಾಗಾಗಿ ಒಂದೇ ವರ್ಷದಲ್ಲಿ ಆಳೆತ್ತರ ಬೆಳೆಯುತ್ತವೆ. ಕಡಿದ ನೀಲಗಿರಿ ಚಿಗುರುವುದನ್ನು ಕಂಡವರಿಗೆ ಇದು ಹೊಸದಲ್ಲ. ಹತ್ತಿಪ್ಪತ್ತು ವರ್ಷ ಬಿಟ್ಟು ಮತ್ತೆ ಕಡಿತ. ಗಳ, ಬೇಲಿಗೂಟ, ಕುಂಟೆಯ ಹಿಡಿ, ಸೌದೆ ಎಲ್ಲವೂ ಇದರಿಂದಲೇ.

ತನ್ನ ಪಾಡಿಗೆ ಬಿಟ್ಟ ಆಶ್ ಮರ ಸಾಮಾನ್ಯವಾಗಿ ಇನ್ನೂರು ವರ್ಷದ ಆಸುಪಾಸಿನಲ್ಲಿ ಟೊಳ್ಳಾಗಿ ಬೀಳುತ್ತದೆ. ಕಡಿಸಿಕೊಂಡ ಮರಕ್ಕೆ ಮುಪ್ಪೇ ಇಲ್ಲ. ಬ್ರಾಡ್‌ಫೀಲ್ಡ್‌ನಲ್ಲಿ ಐದು ಮೀಟರಿಗೂ ಅಗಲವಾದ ಆಶ್ ಬೊಡ್ಡೆಯೊಂದಿದೆ. ಅದರ ವಯಸ್ಸು ಸಾವಿರ ವರ್ಷವಾದರೂ ಇರಬೇಕೆಂದು ಅಂದಾಜು.

ನನಗೆ ಮರಕ್ಕಿಂತ ಸೋಜಿಗವೆನಿಸಿದ್ದು ನೆಲದ ಗಿಡಗಳ ಕಥೆ. ದಟ್ಟ ನೆರಳಿನಲ್ಲಿ ವುಡ್ ಅನಿಮೋನ್, ಆಕ್ಸ್‌ಲಿಪ್, ವಯಲೆಟ್‌ಗಳು ನಾಲ್ಕು ಎಲೆ ಇಟ್ಟುಕೊಂಡು ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಮರ ಕಡಿದು ಬಿಸಿಲು ಬಿದ್ದ ಎರಡನೆಯ ವಸಂತಕ್ಕೆ ನೆಲವೆಲ್ಲ ಹೂವು. ದಶಕಗಳಿಂದ ಮಣ್ಣಿನಲ್ಲಿದ್ದ ಬೀಜಗಳೂ ಆಗಲೇ ಮೊಳೆಯುತ್ತವೆ. ಕೆಲವೇ ವರ್ಷಕ್ಕೆ ಮತ್ತೆ ನೆರಳು ಕವಿಯುತ್ತದೆ. ಅಷ್ಟರಲ್ಲಿ ಪಕ್ಕದ ತುಂಡಿಗೆ ಕೊಡಲಿ ಬಿದ್ದಿರುತ್ತದೆ. ತಿಳಿಹಳದಿ ಹೂವಿನ ಆಕ್ಸ್‌ಲಿಪ್ ಬ್ರಿಟನ್ನಿನಲ್ಲಿ ಬೆಳೆಯುವುದು ಬಹುಮಟ್ಟಿಗೆ ಈ ಪೂರ್ವ ಭಾಗದ ಜೇಡಿಮಣ್ಣಿನ ಹಳೆಯ ಕಾಡುಗಳಲ್ಲೇ. ಅನಿಮೋನ್ ಹಬ್ಬುವುದಂತೂ ಬಸವನಹುಳುವಿಗಿಂತ ನಿಧಾನ. ಇವೆರಡೂ ಕಂಡಲ್ಲಿ ಕಾಡು ಬಲು ಹಳೆಯದೆಂದು ಸಸ್ಯಶಾಸ್ತ್ರಜ್ಞರು ಊಹಿಸುತ್ತಾರೆ. ಈ ಬಗೆಯ ಕಾಡುಗಳ ಚರಿತ್ರೆಯನ್ನು ಕೆದಕಿ ಬರೆದವರು ಕೇಂಬ್ರಿಜ್‌ನ ಆಲಿವರ್ ರ್‍ಯಾಕಮ್. ಅವರು 2015ರಲ್ಲಿ ತೀರಿಕೊಂಡರು.

ಇದನ್ನು ಓದಿ ಯಾರೂ ಕೊಡಲಿ ಹಿಡಿದು ಪಶ್ಚಿಮ ಘಟ್ಟಕ್ಕೆ ಹೊರಡಬೇಡಿ! ಅಲ್ಲಿನ ಗಿಡಗಳು ಏಳೆಂಟು ಶತಮಾನ ಆ ಕಡಿತಕ್ಕೆ ಒಗ್ಗಿಕೊಂಡವು. ಇಲ್ಲಿನವು ಹಾಗಲ್ಲ.

ಅಷ್ಟು ಕಾಲ ಕೊಡಲಿಗೆ ಜಗ್ಗದ ಆ ಕಾಡು ನೇಗಿಲಿಗೆ ಸೋತಿತು. 1960ರ ದಶಕದಲ್ಲಿ ಅದರ ದೊಡ್ಡದೊಂದು ಭಾಗವನ್ನು ಬೇರುಸಹಿತ ಕಿತ್ತು ಹೊಲ ಮಾಡಿದರು. 1970ರಲ್ಲಿ ನಿಸರ್ಗ ಸಂರಕ್ಷಣೆಯ ಸಂಘವೊಂದು ಉಳಿದದ್ದನ್ನು ಕೊಂಡುಕೊಂಡಿತು. ಈಗ ಸಫೊಕ್ ವೈಲ್ಡ್‌ಲೈಫ್ ಟ್ರಸ್ಟ್ ನೋಡಿಕೊಳ್ಳುತ್ತಿದೆ, ಕಡಿತವೂ ನಡೆದಿದೆ. ಎಳೆ ಚಿಗುರೆಂದರೆ ಜಿಂಕೆಗೆ ಪ್ರಾಣ. ಅದಕ್ಕೆ ಬೇಲಿ ಕಟ್ಟಿಕೊಳ್ಳಬಹುದು.

ಬೇಲಿಗೆ ನಿಲ್ಲದ ವೈರಿ ಬೇರೆ. ಪೂರ್ವ ಏಷ್ಯಾದಿಂದ ಬಂದ ಶಿಲೀಂಧ್ರವೊಂದು ಆಶ್ ಮರಗಳನ್ನು ಕೊಲ್ಲುತ್ತಿದೆ. ತವರಿನ ಆಶ್ ಜಾತಿಗೆ ಅದರಿಂದ ಅಂಥ ಬಾಧೆಯಿಲ್ಲ. ಬ್ರಿಟನ್ನಿನಲ್ಲಿ ಅದು ಮೊದಲು ಪತ್ತೆಯಾದದ್ದು 2012ರಲ್ಲಿ. ಬೀಜಕಣಗಳು ಗಾಳಿಯಲ್ಲಿ ಹಾರಿಬಂದು ಎಲೆಯ ಮೂಲಕ ರೆಂಬೆಗೆ ಇಳಿಯುತ್ತವೆ. ತಮಾಷೆಯಲ್ಲದ ಸಂಗತಿಯೆಂದರೆ, ಅದು ಎಳೆಯ ಚಿಗುರುಗಳನ್ನೇ ಬೇಗ ಹಿಡಿಯುತ್ತದೆ. ಮರವನ್ನು ಸಾವಿರ ವರ್ಷ ಬದುಕಿಸಿದ ಉಪಾಯವೇ ಈಗ ಅದರ ದೌರ್ಬಲ್ಯ. ಆದರೂ ಎಲ್ಲ ಮರಗಳೂ ಸಾಯುವುದಿಲ್ಲ, ಕೆಲವಕ್ಕೆ ಹುಟ್ಟಿನಿಂದಲೇ ತಾಳಿಕೆ ಇದೆ. ಬ್ರಿಟನ್ನಿನ ಕಾಡುಗಳಲ್ಲಿ ಅಂಥ ಹಸಿರು ಮರಗಳನ್ನು ಹುಡುಕಿ, ಬೀಜಕ್ಕೆಂದು ಕಡಿಯದೆ ಬಿಡುತ್ತಿದ್ದಾರೆ.