ಅಗ್ಗದ ಎಸ್‌ಎಸ್‌ಡಿ: ಬೆಲೆಗೆ ಮುನ್ನ ಷರತ್ತು ಓದಿ

ಮನೆಯ ಹಳೆಯ ಕಂಪ್ಯೂಟರಿನ ವೇಗ ಕುಂದಿದಾಗ ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಉಳಿದ ಭಾಗಗಳು ಸುಸ್ಥಿತಿಯಲ್ಲಿದ್ದರೆ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎಸ್‌ಎಸ್‌ಡಿ ಅಳವಡಿಸುವುದೇ ಮಿತವ್ಯಯದ ಮಾರ್ಗ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 150 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ 500 ಎಂಬಿಗೂ ಮಿಕ್ಕಿ ಓದಬಲ್ಲುದು.

ಮೊದಲು ಮದರ್‌ಬೋರ್ಡನ್ನು ಪರಿಶೀಲಿಸಬೇಕು. ಎಂ.2 ಸ್ಲಾಟ್ ಇಲ್ಲದ ಹಳೆಯ ಯಂತ್ರಕ್ಕೆ 2.5 ಇಂಚಿನ ಸಾಟಾ ಡ್ರೈವ್ ಸೂಕ್ತ. ಸ್ಲಾಟ್ ಇದ್ದರೂ ಕೆಲವು ಯಂತ್ರಗಳಲ್ಲಿ ಅದು ಸಾಟಾ ಡ್ರೈವನ್ನು ಮಾತ್ರ ಸ್ವೀಕರಿಸುತ್ತದೆ. ಎನ್‌ವಿಎಂಇ ಅಲ್ಲಿ ಕೆಲಸ ಮಾಡದು. ಎನ್‌ವಿಎಂಇಯ ವೇಗ ಹಲವು ಪಟ್ಟು ಅಧಿಕವಾದರೂ ಪತ್ರ, ಲೆಕ್ಕ, ಇಂಟರ್‌ನೆಟ್ಟಿನಂತಹ ಕೆಲಸಗಳಲ್ಲಿ ಆ ಅಂತರ ಅಷ್ಟಾಗಿ ಅನುಭವಕ್ಕೆ ಬಾರದು.

ಬೆಲೆಯ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ ಒಳಗಿನ ಸ್ಮೃತಿಕೋಶ. ಟಿಎಲ್‌ಸಿ ಒಂದು ಕೋಶದಲ್ಲಿ ಮೂರು ಬಿಟ್‌ಗಳನ್ನೂ, ಕ್ಯೂಎಲ್‌ಸಿ ನಾಲ್ಕನ್ನೂ ತುಂಬುತ್ತದೆ. ಎರಡನೆಯದು ಅಗ್ಗ, ಆದರೆ ದೊಡ್ಡ ಕಡತಗಳನ್ನು ಬರೆಯುವಾಗ ನಿಧಾನವಾಗುತ್ತದೆ, ಬಾಳಿಕೆಯೂ ಕಡಿಮೆ. ಬೆಲೆ ಸಮೀಪವಿದ್ದರೆ ಟಿಎಲ್‌ಸಿಯನ್ನೇ ಆರಿಸುವುದು ಲೇಸು.

ವಾರಂಟಿ ಪತ್ರದಲ್ಲಿ ಸಾಮಾನ್ಯವಾಗಿ ಎರಡು ಮಿತಿಗಳಿರುತ್ತವೆ: ಮೂರು ಅಥವಾ ಐದು ವರ್ಷ, ಇಲ್ಲವೇ ಟಿಬಿಡಬ್ಲ್ಯು ಎಂಬ ಬರಹದ ಒಟ್ಟು ಪ್ರಮಾಣ, ಯಾವುದು ಮೊದಲು ಮುಗಿಯುವುದೋ ಅದು. ಎರಡನೆಯ ಮಿತಿಗೆ ಅಂಜಬೇಕಾಗಿಲ್ಲ. 120 ಟಿಬಿಯ ಮಿತಿಯುಳ್ಳ ಡ್ರೈವಿನಲ್ಲಿ ದಿನಕ್ಕೆ 20 ಜಿಬಿ ಬರೆದರೂ ಅದು ತೀರಲು ಹದಿನಾರು ವರ್ಷ ಬೇಕು.

ಅಂಜಬೇಕಾದ ವಿಷಯ ಬೇರೆ. ವಾರಂಟಿಯಂತೆ ದೊರೆಯುವುದು ಹೊಸ ಡ್ರೈವ್ ಮಾತ್ರ. ಅದರೊಳಗಿದ್ದ ಕ್ರಯಪತ್ರದ ಪ್ರತಿ, ಮಕ್ಕಳ ಅಂಕಪಟ್ಟಿ, ಅಗಲಿದ ಹಿರಿಯರ ಭಾವಚಿತ್ರಗಳಲ್ಲ. ಎಸ್‌ಎಸ್‌ಡಿ ಮುನ್ಸೂಚನೆಯಿಲ್ಲದೆ ಒಮ್ಮೆಗೇ ಸ್ತಬ್ಧವಾಗಬಹುದು. ಅಳಿಸಿದ ಕಡತವನ್ನು ಅದರಿಂದ ಮರಳಿ ಪಡೆಯುವುದೂ ಬಲು ಕಷ್ಟ. ಆದುದರಿಂದ ತೆಗೆದ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕದೆ, ಪೆಟ್ಟಿಗೆಯೊಂದರಲ್ಲಿ ಕೂರಿಸಿ ಎರಡನೆಯ ಪ್ರತಿಯ ಉಗ್ರಾಣವಾಗಿಸಿಕೊಳ್ಳಿರಿ. ಕನ್ನಡಿಗರು ಇನ್ನೊಂದನ್ನೂ ನೆನಪಿಡಬೇಕು. ನುಡಿ, ಬರಹಗಳ ಹಳೆಯ ಯೂನಿಕೋಡೇತರ ಫಾಂಟುಗಳಲ್ಲಿ ಬರೆದ ಕಡತಗಳು, ಆ ಫಾಂಟುಗಳಿಲ್ಲದ ಹೊಸ ಡ್ರೈವಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಫಾಂಟುಗಳನ್ನೂ ಮೊದಲೇ ನಕಲು ಮಾಡಿಕೊಳ್ಳಿರಿ.

ಬಿಲ್ಲಿಲ್ಲದೆ ಕೊಳ್ಳಬೇಡಿರಿ. ವಾರಂಟಿಯ ಕೋರಿಕೆಗೂ ವ್ಯಾಜ್ಯಕ್ಕೂ ಅದೇ ಮುಖ್ಯ ದಾಖಲೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಮಾರಾಟಗಾರ ದೂರದ ಊರಿನವನಾದರೂ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ವ್ಯಾಜ್ಯಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಅವಧಿಯಿದೆ; ಐದು ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. ಆಯೋಗವು ಕೊಟ್ಟ ಹಣವನ್ನು ಮರಳಿಸಬಹುದು, ಪರಿಹಾರವನ್ನೂ ವಿಧಿಸಬಹುದು. ಕಳೆದುಹೋದ ಕಡತವನ್ನು ಮಾತ್ರ ಯಾವ ತೀರ್ಪೂ ತಂದುಕೊಡದು.